ಹಕ್ಕಿ ಎಣಿಸಿದರೆ ಹಕ್ಕಿಗೆ ಏನು ಉಪಯೋಗ?

"ಹಕ್ಕಿ ಎಣಿಸಿ ಪಟ್ಟಿ ಬರೆದಿಟ್ಟರೆ ಹಕ್ಕಿಗಳಿಗೆ ಏನು ಉಪಯೋಗ? ಅದು ಸುಮ್ನೆ ಹವ್ಯಾಸ ಅಲ್ವಾ?" ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಎಣಿಸುತ್ತಿರುವ ನನಗೆ ಮೊದಲು ನೆನಪಾಗುವುದು ರಣಹದ್ದು.

1980ರ ದಶಕದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ಉದ್ಯಾನದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಗೂಡು ಎಣಿಸಿದ್ದರು. 350ಕ್ಕೂ ಜಾಸ್ತಿ ಜೋಡಿ ಸಿಕ್ಕಿದ್ದವು. ಆಗ ಅದು ಕಾಗೆಯಷ್ಟೇ ಮಾಮೂಲಿ ಹಕ್ಕಿ. 1996ರಲ್ಲಿ ಅವರೇ ಮತ್ತೆ ನೋಡಿದಾಗ ಅರ್ಧದಷ್ಟೂ ಉಳಿದಿರಲಿಲ್ಲ. ಇದ್ದವೂ ಕತ್ತು ಜೋತುಬಿಟ್ಟು ಮರದ ಮೇಲೆ ಮಂಕಾಗಿ ಕೂತಿದ್ದವು. ಹಳೆಯ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ, "ಬೇರೆ ಕಡೆ ಹಾರಿ ಹೋಗಿರಬೇಕು" ಎಂದು ಸುಮ್ಮನಾಗುತ್ತಿದ್ದೆವು.

ಮೊದಲು ಯಾವುದೋ ವೈರಸ್ ಇರಬೇಕು ಎಂದುಕೊಂಡರು. ನಿಜವಾದ ಕಾರಣ ಗೊತ್ತಾಗಿದ್ದು 2004ರ ಹೊತ್ತಿಗೆ: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಔಷಧಿ ಮೈಯಲ್ಲಿರುವಾಗ ಸತ್ತ ದನವನ್ನು ತಿಂದರೆ ಹದ್ದಿನ ಕಿಡ್ನಿ ನಿಂತುಹೋಗುತ್ತದೆ. ಸತ್ತ ಹದ್ದನ್ನು ಕೊಯ್ದು ನೋಡಿದರೆ ಹೃದಯ, ಲಿವರ್ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಅದು ಹೊರಗೆ ಹೋಗದೆ ಉಳಿದ ಯೂರಿಕ್ ಆಮ್ಲ. 2006ರಲ್ಲಿ ಭಾರತ ಇದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿತು. ಆದರೂ ಜನರಿಗೆಂದು ಮಾರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದವು. ಹಾಗಾಗಿ 2015ರಲ್ಲಿ ಇಂಜೆಕ್ಷನ್ ಬಾಟಲಿಯ ಅಳತೆಯನ್ನೇ 3 ಮಿಲಿಗೆ ಇಳಿಸಿದರು.

ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ಉದ್ದಕೊಕ್ಕಿನ ಜಾತಿ ಇದೆ, ಈಗ ಬೆರಳೆಣಿಕೆಯಷ್ಟು. ಕೆಳಗೆ ನಿಂತು ಬೈನಾಕ್ಯುಲರ್ ಹಿಡಿದರೆ ಮೊದಲು ಕಾಣುವುದು ಬಂಡೆಯ ಮೇಲೆ ಇಳಿದಿರುವ ಹಿಕ್ಕೆಯ ಬಿಳಿ ಗೆರೆ. ಹಸಿಯಾಗಿದ್ದರೆ ಮೇಲೆ ಹಕ್ಕಿ ಇದೆ ಅಂತ ನನಗೆ ಧೈರ್ಯ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹಾಗಾಗಿ ಎಷ್ಟು ಹಕ್ಕಿ ಕಂಡವು ಎನ್ನುವುದಕ್ಕಿಂತ ಮರಿ ಹಾರಿತೋ ಇಲ್ಲವೋ ಎನ್ನುವುದೇ ಮುಖ್ಯ.

ನೀವು ರಣಹದ್ದನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ಮನೆ ಹತ್ತಿರದ ಕೆರೆ ಏರಿ ಮೇಲೆ 15 ನಿಮಿಷ ನಿಂತು, ಕಂಡದ್ದನ್ನೆಲ್ಲ ಎಣಿಸಿ, ಹಕ್ಕಿ ಲೆಕ್ಕ ಬರೆದಿಡುವ ಆನ್‌ಲೈನ್ ತಾಣ ಇ-ಬರ್ಡ್‌ಗೆ ಹಾಕಿ. ಕಾಗೆ, ಗೊರವಂಕ, ಗುಬ್ಬಚ್ಚಿ ಯಾವುದನ್ನೂ ಬಿಡಬೇಡಿ. ಪ್ರತಿ ಸಲವೂ ಅದೇ ಜಾಗ ಆದರೆ ಇನ್ನೂ ಒಳ್ಳೆಯದು. ಒಂದೇ ಕಡೆ ನಾಲ್ಕೈದು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ. ಫೋಟೋ ತೆಗೆದು ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ಅವತ್ತೇ ತಿಳಿಸಿ, ತಡವಾದರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ.