ಕಲ್ಲಿಗೆ ಅಂತ ಸಿಟಿ ಮಾಡಿಸಿದ್ರೆ ಅಡ್ರಿನಲ್‌ನಲ್ಲಿ ಗಂಟು ಸಿಕ್ತು, ಈಗೇನು ಮಾಡೋದು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನಂಗೆ 52 ವರ್ಷ, ದಾವಣಗೆರೆ. ಹೋದ ತಿಂಗಳು ರಾತ್ರಿ ಎಡಗಡೆ ಪಕ್ಕೆ ನೋವು ಶುರುವಾಗಿ ತೊಡೆಸಂದಿವರೆಗೂ ಇಳೀತು, ವಾಂತಿನೂ ಆಯ್ತು. ಡೈ ಹಾಕ್ದೆ ಸಿಟಿ ಮಾಡಿ ಮೂತ್ರನಾಳದಲ್ಲಿ 5 ಮಿ.ಮೀ. ಕಲ್ಲು ಅಂದ್ರು, ಅದು ತಾನಾಗೇ ಹೊರಗೆ ಬಂತು. ಆದ್ರೆ ರಿಪೋರ್ಟ್ ಕೊನೇಲಿ ‘ಎಡ ಅಡ್ರಿನಲ್‌ನಲ್ಲಿ 1.8 ಸೆಂ.ಮೀ. ನಾಡ್ಯೂಲ್, 4 ಎಚ್‌ಯು’ ಅಂತ ಇದೆ. ಬಿಪಿಗೆ ಮೂರು ಥರ ಮಾತ್ರೆ ತಗೋತೀನಿ, ಆದ್ರೂ 150ಕ್ಕಿಂತ ಕೆಳಗೆ ಇಳಿಯಲ್ಲ. ಮನೇಲಿ ಎಲ್ರೂ ಕ್ಯಾನ್ಸರ್ ಅಂತ ಹೆದರ್ಕೊಂಡಿದಾರೆ. ಬಯಾಪ್ಸಿ ಮಾಡಿಸ್ಲಾ?

ಉತ್ತರ: ಬಯಾಪ್ಸಿ ಬೇಡ. ಅಡ್ರಿನಲ್ ಅಂದ್ರೆ ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಪುಟ್ಟ ಗ್ರಂಥಿ, ಕಲ್ಲಿಗೋ ಹೊಟ್ಟೆನೋವಿಗೋ ಸ್ಕ್ಯಾನ್ ಮಾಡಿದಾಗ ಅದ್ರಲ್ಲಿ ಗಂಟು ಕಾಣೋದು ತುಂಬ ಸಾಮಾನ್ಯ, ವಯಸ್ಸಾದಷ್ಟೂ ಜಾಸ್ತಿ.

ನಿಮ್ಮ ರಿಪೋರ್ಟಲ್ಲಿ ಎಲ್ಲಕ್ಕಿಂತ ಮುಖ್ಯ ಆ 4 ಎಚ್‌ಯು. ಅದು ಸಿಟಿಲಿ ಗಂಟು ಎಷ್ಟು ದಟ್ಟವಾಗಿದೆ ಅನ್ನೋ ಅಳತೆ. ನೀರಿಗೆ ಸೊನ್ನೆ, ಕೊಬ್ಬಿಗೆ ಸೊನ್ನೆಗಿಂತ ಎಷ್ಟೋ ಕಮ್ಮಿ. ಡೈ ಹಾಕ್ದೆ ತೆಗೆದ ಸಿಟಿಲಿ ಗಂಟು ಪೂರ್ತಿ ಒಂದೇ ಥರ ಕಂಡು 10 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಅದ್ರೊಳಗೆ ಕೊಬ್ಬಿನಂಶ ತುಂಬಿದೆ ಅಂತ, ಅಂಥದ್ದು ಅಡಿನೋಮಾ, ಅಂದ್ರೆ ಹರಡದ ಸಾಧು ಗಂಟು, ಕ್ಯಾನ್ಸರ್ ಅಲ್ಲ. ನಿಮ್ದು 4 ಸೆಂ.ಮೀ.ಗಿಂತ ಚಿಕ್ಕದೂ ಹೌದು, ಹಾಗಾಗಿ ಕ್ಯಾನ್ಸರ್ ಭಯಕ್ಕೆ ಅಂತ ಆರಾರು ತಿಂಗಳಿಗೆ ಸಿಟಿ ಮಾಡಿಸ್ತಾ ಕೂರೋದೂ ಬೇಕಿಲ್ಲ. ಇದೇ ನಂಬರ್ 25, 30 ಅಂತ ಬಂದಿದ್ರೆ ಮಾತು ಬೇರೆ, ಆಗ ಫಿಯೋಕ್ರೊಮೊಸೈಟೋಮಾ, ಅಂದ್ರೆ ಬಿಪಿ ಏರಿಸೋ ಹಾರ್ಮೋನ್ ಸುರಿಸೋ ಅಡ್ರಿನಲ್ ಗೆಡ್ಡೆ ಇರಬಹುದಾ ಅಂತ ತಿಳಿಯೋಕೆ ಮೆಟಾನೆಫ್ರಿನ್ ಟೆಸ್ಟ್ ಮಾಡ್ಲೇಬೇಕು, ಯಾಕಂದ್ರೆ ಅದಕ್ಕೆ ಗೊತ್ತಿಲ್ದೆ ಬಯಾಪ್ಸಿಗೆ ಅಂತ ಸೂಜಿ ಚುಚ್ಚಿದ್ರೆ ಬಿಪಿ ಒಮ್ಮೆಲೇ ಏರಿ ಜೀವಕ್ಕೇ ಅಪಾಯ ಆಗಬಹುದು.

ನಂಗೆ ನಿಜವಾಗ್ಲೂ ಯೋಚ್ನೆ ಆಗಿರೋದು ನಿಮ್ಮ ಬಿಪಿ. ಮೂರು ಮಾತ್ರೆಗೂ ಬಗ್ಗದ ಬಿಪಿ, ಜೊತೆಗೆ ಅಡ್ರಿನಲ್‌ನಲ್ಲಿ ಗಂಟು ಅಂದ್ರೆ ಆ ಗಂಟು ಆಲ್ಡೋಸ್ಟಿರಾನ್ ಹಾರ್ಮೋನನ್ನ ಜಾಸ್ತಿ ಸುರೀತಿದ್ಯಾ ಅಂತ ನೋಡ್ಲೇಬೇಕು. ಈ ಹಾರ್ಮೋನ್ ಕಿಡ್ನಿಲಿ ಉಪ್ಪನ್ನ ಹಿಡಿದಿಟ್ಟು ಪೊಟ್ಯಾಶಿಯಂನ ಹೊರಗೆ ಕಳಿಸತ್ತೆ, ಅದಕ್ಕೇ ಕೆಲವರಿಗೆ ಕಾಲು ಸೋಲೋದು, ಮೀನಖಂಡ ಹಿಡ್ಕೊಳ್ಳೋದು, ರಾತ್ರಿ ಮೇಲಿಂದ ಮೇಲೆ ಯೂರಿನ್‌ಗೆ ಏಳೋದು ಇರತ್ತೆ, ಇನ್ನು ಎಷ್ಟೋ ಜನಕ್ಕೆ ಬಿಪಿ ಬಿಟ್ರೆ ಏನೂ ಇರಲ್ಲ. ಬೆಳಿಗ್ಗೆ ರಕ್ತದಲ್ಲಿ ಆಲ್ಡೋಸ್ಟಿರಾನ್, ರೆನಿನ್ (ಆಲ್ಡೋಸ್ಟಿರಾನ್‌ನ ಹತೋಟಿಲಿಡೋ, ಕಿಡ್ನಿ ಬಿಡೋ ವಸ್ತು), ಪೊಟ್ಯಾಶಿಯಂ ಮೂರೂ ನೋಡಿಸಿ. ಸ್ಪೈರೊನೊಲ್ಯಾಕ್ಟೋನ್ ಅನ್ನೋ ಬಿಪಿ ಮಾತ್ರೆ ತಗೋತಿದ್ರೆ ಮೊದ್ಲೇ ಹೇಳಿ, ಅದು ರಿಸಲ್ಟ್ ಕೆಡಿಸತ್ತೆ, ಆದ್ರೆ ಯಾವ ಮಾತ್ರೆನೂ ನೀವಾಗೇ ನಿಲ್ಲಿಸ್ಬೇಡಿ.

ಇನ್ನೊಂದು ಕಾರ್ಟಿಸಾಲ್ ಟೆಸ್ಟ್, ಅದೂ ಅಡ್ರಿನಲ್ ಹಾರ್ಮೋನೇ, ಗಂಟು ಅದನ್ನ ಜಾಸ್ತಿ ಮಾಡ್ತಿದ್ಯಾ ಅಂತ ನೋಡೋಕೆ. ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಸೋನ್ ಮಾತ್ರೆ ನುಂಗಿ ಬೆಳಿಗ್ಗೆ 8ರಿಂದ 9ರೊಳಗೆ ರಕ್ತ ಕೊಡೋದು ಅಷ್ಟೇ, ಕಾರ್ಟಿಸಾಲ್ ಡೆಸಿಲೀಟರ್‌ಗೆ 1.8 ಮೈಕ್ರೊಗ್ರಾಂಗಿಂತ ಮೇಲಿಲ್ಲ ಅಂದ್ರೆ ಆ ಕಡೆ ನಿಶ್ಚಿಂತೆ. ಆಲ್ಡೋಸ್ಟಿರಾನ್ ಜಾಸ್ತಿ ಅಂತ ಪಕ್ಕಾ ಆದ್ರೂ ನಿಮ್ಮ ವಯಸ್ಸಲ್ಲಿ ಸಿಟಿ ಒಂದನ್ನೇ ನಂಬಿ ಆಪರೇಷನ್‌ಗೆ ಒಪ್ಪಬೇಡಿ, ಗಂಟು ಎಡಗಡೆ ಕಂಡ್ರೂ ಹಾರ್ಮೋನ್ ಎರಡೂ ಕಡೆಯಿಂದ ಬರ್ತಿರಬಹುದು. ಅದನ್ನ ತಿಳಿಯೋಕೆ ತೊಡೆಸಂದಿ ರಕ್ತನಾಳದಿಂದ ತೆಳು ಟ್ಯೂಬ್ ಹಾಕಿ ಎರಡೂ ಗ್ರಂಥಿಯಿಂದ ಬರೋ ರಕ್ತ ಬೇರೆ ಬೇರೆ ತೆಗೆದು ಹೋಲಿಸ್ತಾರೆ. ಬಲಗಡೆ ಗ್ರಂಥಿಯ ರಕ್ತನಾಳ ತುಂಬ ಗಿಡ್ಡ, ಸಿಗೋದು ಕಷ್ಟ, ಅದಕ್ಕೇ ಇದನ್ನ ಪದೇ ಪದೇ ಮಾಡಿ ಪಳಗಿದ ಕಡೆನೇ ಮಾಡಿಸ್ಬೇಕು. ಮೊದಲು ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ನೋಡಿ, ಸಿಡಿ ಅಥವಾ ಫಿಲ್ಮ್ ತಗೊಂಡ್ಹೋಗಿ, ಬರೀ ರಿಪೋರ್ಟ್ ಸಾಲಲ್ಲ.

ಪ್ರಶ್ನೆ: ನಮ್ಮಪ್ಪನಿಗೆ 64, ತುಂಬ ವರ್ಷದಿಂದ ಬೀಡಿ ಸೇದ್ತಾರೆ. ಒಂದಿನ ಮೂತ್ರ ಕೆಂಪಗೆ ಹೋಯ್ತು, ನೋವೇನಿಲ್ಲ, ಮಾರನೇ ದಿನ ಸರಿಹೋಯ್ತು. ಅಲ್ಟ್ರಾಸೌಂಡ್ ನಾರ್ಮಲ್. ‘ಉಷ್ಣ ಆಗಿತ್ತು’ ಅಂತ ಅಪ್ಪ ಸುಮ್ನಾಗಿದಾರೆ.

ಉತ್ತರ: ದಯವಿಟ್ಟು ಸುಮ್ನಿರೋಕೆ ಬಿಡ್ಬೇಡಿ. ಈ ವಯಸ್ಸು, ಬೀಡಿ, ನೋವಿಲ್ದೆ ರಕ್ತ, ಈ ಮೂರೂ ಸೇರಿದ್ರೆ ಬೇರೆ ಕಾರಣ ಸಿಗೋವರೆಗೂ ಮೂತ್ರಕೋಶದ ಕ್ಯಾನ್ಸರ್ ಅಂತಲೇ ಅನುಮಾನ ಪಡ್ಬೇಕು. ಅದ್ರಲ್ಲಿ ರಕ್ತ ಒಂದಿನ ಬಂದು ತಿಂಗಳುಗಟ್ಲೆ ಕಾಣ್ದೇ ಇರೋದೂ ಉಂಟು. ಅಲ್ಟ್ರಾಸೌಂಡಲ್ಲಿ ಚಿಕ್ಕ ಗೆಡ್ಡೆ, ಚಪ್ಪಟೆ ಗೆಡ್ಡೆ ತಪ್ಪಿಹೋಗತ್ತೆ, ಮೂತ್ರ ಪೂರ್ತಿ ತುಂಬಿರದೇ ಇದ್ರಂತೂ ಗೋಡೆನೇ ಸರಿಯಾಗಿ ಕಾಣಲ್ಲ. ಸಿಸ್ಟೋಸ್ಕೋಪಿ ಆಗ್ಲೇಬೇಕು, ಮರಗಟ್ಟಿಸೋ ಜೆಲ್ಲಿ ಹಾಕಿ ತೆಳು ಕ್ಯಾಮೆರಾದಲ್ಲಿ ಒಳಗೆ ನೋಡ್ತಾರೆ, ಕೆಲವೇ ನಿಮಿಷದ ಕೆಲ್ಸ. ಜೊತೆಗೆ ಸಿಟಿ ಯೂರೋಗ್ರಾಮ್ ಕೂಡ, ಕಿಡ್ನಿ ಮತ್ತು ಮೂತ್ರನಾಳ ನೋಡೋಕೆ. ಅದಕ್ಕೆ ಡೈ ಕೊಡ್ತಾರೆ, ಹಾಗಾಗಿ ಮೊದ್ಲೇ ಕಿಡ್ನಿ ಸರಿಯಾಗಿ ಕೆಲ್ಸ ಮಾಡ್ತಿದ್ಯಾ ಅಂತ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ, ಶುಗರ್‌ಗೆ ಮೆಟ್‌ಫಾರ್ಮಿನ್ ತಗೋತಿದ್ರೆ ತಿಳಿಸಿ. ಇದೇ ವಾರ ಯೂರಾಲಜಿಸ್ಟ್ ಹತ್ರ ಕರ್ಕೊಂಡ್ಹೋಗಿ, ಬೀಡಿ ಇವತ್ತೇ ಬಿಡಿಸಿ.