ರೋಸ್‌ಮೆರಿ ಮೂಸಿದರೆ ಓದಿದ್ದು ನೆನಪಿರುತ್ತದೆಯೇ?

ಪ್ರಶ್ನೆ: ನನ್ನ ಮಗ ಎರಡನೇ ಪಿಯುಸಿ ಓದುತ್ತಿದ್ದಾನೆ. ಪುಸ್ತಕ ಹಿಡಿದು ಕುಳಿತರೆ ಮನಸ್ಸು ನಿಲ್ಲುವುದಿಲ್ಲ, ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ ಎನ್ನುತ್ತಾನೆ. ಬೆಂಗಳೂರಿನಿಂದ ಬಂದಿದ್ದ ನಾದಿನಿ ರೋಸ್‌ಮೆರಿ ಗಿಡವನ್ನೂ ಅದರ ಎಣ್ಣೆಯ ಸಣ್ಣ ಸೀಸೆಯನ್ನೂ ಕೊಟ್ಟು ಹೋಗಿದ್ದಾಳೆ. ಬೆಳಿಗ್ಗೆ ಬಿಸಿನೀರಿಗೆ ಎರಡು ಹನಿ ಹಾಕಿ ಕುಡಿದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ ಎಂದು ಮೊಬೈಲ್‌ನಲ್ಲಿ ನೋಡಿದೆ. ಅತ್ತೆಯವರಿಗೂ ಈಚೆಗೆ ಮರೆವು ಜಾಸ್ತಿ. ಅವರಿಗೂ ಕೊಡಬಹುದೇ? ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಂದಹಾಗೆ, ಗಿಡವೂ ಬುಡದಿಂದ ಕಪ್ಪಾಗುತ್ತಿದೆ.
— ಒಬ್ಬ ತಾಯಿ, ಕಾರವಾರ

ಉತ್ತರ: ತಂಗಿ, ಮೊದಲು ಆ ಸೀಸೆಯನ್ನು ಅಡುಗೆಮನೆಯಿಂದ ಆಚೆಗಿಡಿ. ಅದನ್ನು ಯಾರೂ ಕುಡಿಯಬಾರದು. ರಾಶಿ ಎಲೆಗಳ ಸಾರ ಭಟ್ಟಿ ಇಳಿದು ಆ ಹನಿಗಳಾಗಿರುತ್ತದೆ. ನೀರಿನಲ್ಲಿ ಅದು ಕರಗುವುದೂ ಇಲ್ಲ, ಮೇಲೆ ತೇಲಿ ಬಾಯಿ ಗಂಟಲನ್ನು ಸುಡುತ್ತದೆ. ಅದರಲ್ಲಿ ಕರ್ಪೂರದ ಅಂಶವಿದೆ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ನಾನು ವೈದ್ಯೆಯಲ್ಲ, ಶಿರಸಿಯಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಆದರೂ ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಎಲೆಯ ಮಾತು ಬೇರೆ. ಒಂದು ಎಸಳು ಕಿತ್ತು ನೋಡಿ. ಸೂಜಿಯಂತೆ ಸಪೂರ, ಅಂಚು ಒಳಕ್ಕೆ ಮಡಚಿಕೊಂಡಿದೆ, ಅಡಿಭಾಗ ಬೆಳ್ಳಗಿದೆ. ತಿಕ್ಕಿದರೆ ಬೆರಳಿಗೆ ಅಂಟುತ್ತದೆ. ಕರ್ಪೂರ, ನೀಲಗಿರಿ ಎರಡೂ ಬೆರೆತಂಥ ಆ ಘಾಟಿಗೆ ಮುಖ್ಯ ಕಾರಣಗಳಲ್ಲಿ ಒಂದು ಸಿನಿಯೋಲ್ ಎಂಬ ರಾಸಾಯನಿಕ. ನಮ್ಮ ತೋಟದ ಏಲಕ್ಕಿಯಲ್ಲಿಯೂ ಅದು ಧಾರಾಳವಾಗಿದೆ. ನೆನಪಿಗೆ ಬೇಕಾದ, ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಬೇಗ ಒಡೆದುಹೋಗದಂತೆ ಸಿನಿಯೋಲ್ ತಡೆಯಬಹುದು ಎಂಬುದು ವಿಜ್ಞಾನಿಗಳ ಊಹೆ.

ಊಹೆಯನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದವರು 2003ರಲ್ಲಿ 144 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪನ್ನು ರೋಸ್‌ಮೆರಿಯ ಪರಿಮಳವಿದ್ದ ಕೋಣೆಯಲ್ಲಿ, ಇನ್ನೊಂದನ್ನು ಲ್ಯಾವೆಂಡರ್ ಪರಿಮಳದಲ್ಲಿ, ಮತ್ತೊಂದನ್ನು ಯಾವ ವಾಸನೆಯೂ ಇಲ್ಲದೆ ಕೂರಿಸಿ ಪರೀಕ್ಷೆ ಕೊಟ್ಟರು. ರೋಸ್‌ಮೆರಿ ಗುಂಪಿನವರ ನೆನಪು ವಾಸನೆಯಿಲ್ಲದ ಕೋಣೆಯವರಿಗಿಂತ ಚೆನ್ನಾಗಿತ್ತು, ಆದರೆ ನೆನಪಿಸಿಕೊಳ್ಳುವ ವೇಗ ಕಡಿಮೆಯಾಗಿತ್ತು. ಈ ಎರಡನೆಯ ಸಂಗತಿಯನ್ನು ಮೊಬೈಲ್‌ನಲ್ಲಿ ಯಾರೂ ಹೇಳುವುದಿಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸಬೇಕಾದ ಹುಡುಗನಿಗೆ ಅದು ಸಣ್ಣ ವಿಷಯವಲ್ಲ.

ಇನ್ನೊಂದು ಪ್ರಯೋಗ 2012ರದ್ದು. ಸರಾಸರಿ 75 ವರ್ಷದ 28 ಹಿರಿಯರಿಗೆ ಒಣಗಿದ ಎಲೆಯ ಪುಡಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟರು. ಅಡುಗೆಗೆ ಬಳಸುವಷ್ಟೇ, ಎಂದರೆ 750 ಮಿಲಿಗ್ರಾಂ ತಿಂದಾಗ ನೆನಪಿನ ವೇಗ ಹೆಚ್ಚಿತು. 6,000 ಮಿಲಿಗ್ರಾಂ ತಿಂದಾಗ ಇದ್ದದ್ದೂ ಕುಂದಿತು. ಗಿಡಮೂಲಿಕೆ ತಾನೇ, ಸ್ವಲ್ಪ ಜಾಸ್ತಿಯಾದರೇನು ಎನ್ನುವವರಿಗೆಲ್ಲ ನಾನು ಈ ಪ್ರಯೋಗದ ಕಥೆ ಹೇಳುತ್ತಲೇ ಇರುತ್ತೇನೆ. ಅದೂ ಒಂದೊಂದು ಸಲ ಕೊಟ್ಟು, ಕೆಲವೇ ಗಂಟೆಗಳ ಪರಿಣಾಮ ಅಳೆದದ್ದು. ವರ್ಷವಿಡೀ ಓದುವವನಿಗೆ ಇದರಿಂದ ಅಂಕ ಹೆಚ್ಚುತ್ತದೆ ಎಂದು ಯಾರೂ ತೋರಿಸಿಲ್ಲ.

ಹಾಗಾಗಿ ಮಗನ ಮೇಜಿನ ಮೇಲೆ ನಾಲ್ಕು ಎಸಳು ಇಡಿ, ಬೇಕೆನಿಸಿದಾಗ ತಿಕ್ಕಿ ಮೂಸಲಿ. ಸಂಜೆ ಒಂದು ಸಣ್ಣ ಕಡ್ಡಿಯನ್ನು ಲೋಟ ಬಿಸಿನೀರಿನಲ್ಲಿ ಐದು ನಿಮಿಷ ಮುಚ್ಚಿಟ್ಟು ಸೋಸಿ ಕೊಟ್ಟರೂ ಅಡ್ಡಿಯಿಲ್ಲ. ಫಿಟ್ಸ್ ಇರುವವರಿಗೆ, ಬಸುರಿಯರಿಗೆ ಅದೂ ಬೇಡ. ಆದರೆ ಓದಿದ್ದು ನೆನಪಿನಲ್ಲಿ ನಿಲ್ಲಬೇಕಾದರೆ ರಾತ್ರಿ ಸರಿಯಾಗಿ ನಿದ್ದೆ ಮಾಡಬೇಕು, ಮೊಬೈಲ್ ಬೇರೆ ಕೋಣೆಯಲ್ಲಿರಬೇಕು. ಪಾಠ ಮುಗಿದೊಡನೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಲು ಹೇಳಿ. ಅದನ್ನೇ ಮರುದಿನ ಇನ್ನೊಮ್ಮೆ ಬರೆಯಲಿ. ಮಕ್ಕಳು ಈ ಕೆಲಸಕ್ಕೆ ಬೇಸರಪಡುತ್ತಾರೆ, ಆದರೂ ಬಿಡಬೇಡಿ. ತರಗತಿಯಲ್ಲಿ ಇದರಷ್ಟು ಫಲ ಕೊಟ್ಟ ಉಪಾಯವನ್ನು ನಾನು ಬೇರೆ ಕಾಣಲಿಲ್ಲ.

ಅತ್ತೆಯವರ ವಿಷಯದಲ್ಲಿ ಮಾತ್ರ ತಡಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೆ ಯಾವ ಕಷಾಯವನ್ನೂ ವೈದ್ಯರನ್ನು ಕೇಳದೆ ಕೊಡುವುದು ಬೇಡ. ಅದಕ್ಕಿಂತ ಮುಖ್ಯವಾಗಿ, ಈಚೆಗೆ ಹೆಚ್ಚಾದ ಮರೆವನ್ನು ವಯಸ್ಸಾಯಿತು ಎಂದು ಬಿಟ್ಟುಬಿಡಬಾರದು. ಥೈರಾಯ್ಡ್ ಕಡಿಮೆಯಾದರೂ ಬಿ12 ಕೊರತೆಯಾದರೂ ಮರೆವು ಬರುತ್ತದೆ, ಎರಡಕ್ಕೂ ಚಿಕಿತ್ಸೆಯಿದೆ, ಎರಡೂ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನು ತಪ್ಪದೆ ಹೇಳಿ. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪೆಟ್ಟಿನಿಂದಲೂ ತಲೆಯೊಳಗೆ ರಕ್ತ ಸೋರಬಹುದು. ಇದೇ ವಾರ ಕರೆದುಕೊಂಡು ಹೋಗಿ. ಊಟಕ್ಕೆ ಒಂದೆಲಗದ ತಂಬುಳಿ ಮಾಡುವ ರೂಢಿಯಿದ್ದರೆ ಮಾಡಿ, ಬಾಯಿಗೆ ರುಚಿ, ಆದರೆ ಅದನ್ನು ಔಷಧಿಯ ಲೆಕ್ಕಕ್ಕೆ ಹಿಡಿಯಬೇಡಿ.

ಗಿಡ ಕಪ್ಪಾಗುತ್ತಿರುವುದು ಬೇರು ಕೊಳೆತದ್ದರಿಂದ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣಭೂಮಿಯ ಗಿಡವದು, ನಮ್ಮ ಕರಾವಳಿಯ ಮಳೆಯನ್ನು ತಡೆಯಲಾರದು. ಇನ್ನೂ ಹಸಿರಾಗಿರುವ ತುದಿಗಳನ್ನು ಗೇಣಿಗಿಂತ ಕಡಿಮೆ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ಸವರಿ, ತೂತಿರುವ ಮಣ್ಣಿನ ಕುಂಡದಲ್ಲಿ ಅರ್ಧ ಮರಳು ಬೆರೆಸಿ ಊರಿ. ಉಪ್ಪಿನ ಅಂಶವಿರುವ ಕಡಲತೀರದ ಮರಳು ಬೇಡ, ಹೊಳೆಯ ಮರಳು ಆಗಬೇಕು. ಚಿಗುರಿದ ಮೇಲೆ ಬಿಸಿಲಿಗೆ ಇಡಿ, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಜಗುಲಿಯ ಒಳಗೆ, ಬೆಳಕು ಬೀಳುವ ಕಡೆ ಇಟ್ಟುಕೊಳ್ಳಿ.