ಗಾಳಕ್ಕೆ ಬಿದ್ದ ಮೀನಿನ ಹೊಟ್ಟೆಯಲ್ಲಿ ನಿಮಗೆ ಸಿಕ್ಕ ವಿಚಿತ್ರ ವಸ್ತು ಯಾವುದು? ಉಂಗುರ ಸಿಗೋದೆಲ್ಲ ನಿಜಾನಾ?

ಉಂಗುರ ನನಗಂತೂ ಸಿಕ್ಕಿಲ್ಲ. ಗಂಗೊಳ್ಳಿ ಅಳಿವೆ ಬದಿಯಲ್ಲಿ ಹದಿನೈದು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ತಂದ ಮೀನಿನ ಹೊಟ್ಟೆ ಬಿಡಿಸಿ ನೋಡುವ ಚಟ ಬೇರೆ ಇದೆ. ಹೆಚ್ಚಾಗಿ ಕಾಣುವುದು ಅದರ ಊಟ ಅಷ್ಟೇ: ಅರ್ಧ ಕರಗಿದ ಸಿಗಡಿ, ಏಡಿಯ ಕಾಲು, ಸಣ್ಣ ಮೀನಿನ ಮುಳ್ಳು.

ಒಮ್ಮೆ ಮಾತ್ರ ಎರಡು ಕೆಜಿಯ ಕೆಂಬೇರಿ ಕೊಯ್ಯುವಾಗ ಕತ್ತಿಗೆ ಏನೋ ಟಕ್ ಅಂತ ತಾಗಿತು. ನೋಡಿದರೆ ಇನ್ಯಾರದೋ ಗಾಳ! ತುಕ್ಕು ಹಿಡಿದು ಕಪ್ಪಾಗಿತ್ತು, ಜೊತೆಗೆ ಗೇಣುದ್ದ ನೈಲಾನ್ ದಾರ. ಅಂದರೆ ಒಮ್ಮೆ ದಾರ ಹರಿದುಕೊಂಡು ಪಾರಾದ ಮೀನು ಮತ್ತೆ ಬಂದು ನನ್ನ ಸಿಗಡಿಗೂ ಬಾಯಿ ಹಾಕಿದೆ. ಗಂಟು ನೋಡಿದ ಗೆಳೆಯ, "ಇಷ್ಟು ಕೆಟ್ಟದಾಗಿ ಕಟ್ಟೋನು ನೀನೊಬ್ಬನೇ, ನಿಂದೇ ಇರ್ಬೇಕು" ಅಂದ.

ಆದರೆ ನಿಜಕ್ಕೂ ಮೈ ಜುಂ ಅನ್ನಿಸಿದ್ದು ಹೊಟ್ಟೆಯಲ್ಲಿ ಸಿಕ್ಕಿದ್ದಲ್ಲ. ಪೇಟೆಯಿಂದ ಬಂಗುಡೆ ತಂದಿದ್ದೆ. ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತು ಒಂದರ ಕಿವಿರು ಎತ್ತಿದರು. ಒಳಗೆ ಉಗುರಿನಷ್ಟು ದೊಡ್ಡ, ಬಿಳಿಚಿದ ಹುಳ. ಹದಿನಾಲ್ಕು ಕಾಲು, ಒಂದೊಂದರ ತುದಿಗೂ ಕೊಕ್ಕೆ. ಮೀನು ಸತ್ತು ಎಷ್ಟೋ ಹೊತ್ತಾಗಿದ್ದರೂ ಅದು ಹಿಡಿತ ಬಿಟ್ಟಿರಲಿಲ್ಲ. ಅಮ್ಮನಿಗೆ ಇದೇನು ಹೊಸದಲ್ಲ, ಕಿತ್ತು ಬೆಕ್ಕಿನ ಕಡೆ ಎಸೆದರು. ಬೆಕ್ಕು ಮೂಸಿ ಹಾಗೇ ಹೋಯಿತು. ಇದು ಮೀನಿನ ಹೇನು. ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಮೆಕ್ಸಿಕೋ ಕಡೆಯ ಪೆಸಿಫಿಕ್ ಸಮುದ್ರದಲ್ಲಿ ಇದರ ನೆಂಟ ಒಂದಿದೆ, ಅದು ಇನ್ನೂ ಭಯಂಕರ. ಕಿವಿರಿನಿಂದ ನುಗ್ಗಿ ನಾಲಿಗೆ ಕಚ್ಚಿ ರಕ್ತ ಹೀರುತ್ತದೆ. ನಾಲಿಗೆ ಒಣಗಿ ಉದುರಿದ ಮೇಲೆ ಆ ಜಾಗದಲ್ಲಿ ತಾನೇ ಕೂರುತ್ತದೆ. ಮೀನಿಗೂ ಆಮೇಲೆ ಅದೇ ನಾಲಿಗೆ!

ಇನ್ನು ಕೇಳಿದ ಕಥೆಗಳಲ್ಲಿ ನಿಜವಾದವೂ ಇವೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1935ರ ಏಪ್ರಿಲ್‌ನಲ್ಲಿ ಗಾಳಕ್ಕೆ ಒಂದು ಸಣ್ಣ ಶಾರ್ಕ್ ಬಿದ್ದಿತ್ತು. ಅದನ್ನು ನುಂಗಲು ಬಂದ ದೊಡ್ಡ ಟೈಗರ್ ಶಾರ್ಕ್ ತಾನೂ ಸಿಕ್ಕಿಬಿತ್ತು. ಅದನ್ನು ಕೂಜಿ ಎಂಬಲ್ಲಿ ಜನ ನೋಡಲೆಂದು ಕೊಳಕ್ಕೆ ಬಿಟ್ಟರು. ಏಪ್ರಿಲ್ 25ರಂದು ಎಲ್ಲರ ಎದುರೇ ಅದು ಮನುಷ್ಯನ ತೋಳು ಕಕ್ಕಿತು. ತೋಳಿನ ಮೇಲೆ ಇಬ್ಬರು ಬಾಕ್ಸರ್‌ಗಳ ಹಚ್ಚೆ. ಪರೀಕ್ಷೆ ಮಾಡಿದರೆ ಶಾರ್ಕ್ ಕಚ್ಚಿದ್ದಲ್ಲ, ಚೂರಿಯಲ್ಲಿ ಕತ್ತರಿಸಿದ್ದು! ಹಚ್ಚೆ ಮತ್ತು ಬೆರಳಚ್ಚಿನಿಂದ ಸತ್ತವನು ಯಾರೆಂದು ತಿಳಿಯಿತು. ಆದರೆ ಕೊಲೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಮಾರುಕಟ್ಟೆಯಲ್ಲಿ 1626ರಲ್ಲಿ ಕಾಡ್ ಮೀನಿನ ಹೊಟ್ಟೆಯಿಂದ ಹಾಯಿಬಟ್ಟೆ ಸುತ್ತಿದ ಪುಸ್ತಕವೇ ಬಂದಿತ್ತು. ಮರುವರ್ಷ ಅದನ್ನು ಅಚ್ಚು ಹಾಕಿಸಿ ಮಾರಿದರು ಕೂಡ. ಅಲ್ವಾ, ಓದುಗರು ಎಲ್ಲೆಲ್ಲಿ ಸಿಗುತ್ತಾರೆ ನೋಡಿ.

ನಿಮಗೆ ಏನಾದರೂ ಎತ್ತಿಟ್ಟುಕೊಳ್ಳುವಂಥದ್ದು ಬೇಕಿದ್ದರೆ ಹೊಟ್ಟೆ ಬಿಡಿ, ಕೊಡ್ಡಾಯಿ ಮೀನಿನ ತಲೆ ಒಡೆದು ನೋಡಿ. ಒಳಗಿವಿಯಲ್ಲಿ ಬೆಳ್ಳಗಿನ ಎರಡು ಕಲ್ಲು ಸಿಗುತ್ತವೆ. ಮೈ ಸಮತೋಲಕ್ಕೂ ಕೇಳಿಸಿಕೊಳ್ಳುವುದಕ್ಕೂ ಮೀನಿಗೆ ಅವು ಬೇಕು. ಬೇರೆ ಮೀನುಗಳಲ್ಲೂ ಇರುತ್ತವೆ, ಆದರೆ ಹುಡುಕುವಷ್ಟರಲ್ಲಿ ಸಾಕಾಗುತ್ತದೆ. ಕೊಡ್ಡಾಯಿಯದ್ದು ದಪ್ಪ. ಮರದ ಕಾಂಡದಲ್ಲಿರುವ ಹಾಗೆ ಇದರಲ್ಲೂ ಸುತ್ತುಗಳಿರುತ್ತವೆ, ಮೀನಿನ ವಯಸ್ಸು ಲೆಕ್ಕ ಹಾಕುವವರು ಅವನ್ನೇ ಎಣಿಸುತ್ತಾರೆ. ನನ್ನ ಹತ್ತಿರ ಬೆಂಕಿಪೊಟ್ಟಣದಲ್ಲಿ ಮೂರು ಜೊತೆ ಇದ್ದವು. ಈಗ ಐದೇ ಕಲ್ಲು ಉಳಿದಿವೆ. ಒಂದನ್ನು ಮಗಳು ಚೌಕಾಬಾರದ ಕಾಯಿ ಮಾಡಿಕೊಂಡಿದ್ದಾಳೆ.